ಹಬ್ಬ ಮುಗಿಸಿ ಮನೆಗೆ ಬರುವಾಗ ರಾತ್ರಿ 1, ಅಲಾರಂ 4:45ಕ್ಕೆ: ನಿದ್ದೆ ಎಲ್ಲಿಂದ ತರಲಿ ಡಾಕ್ಟ್ರೇ?

ಓದುಗರೊಬ್ಬರ ಪ್ರಶ್ನೆ:

"ನನಗೆ 34 ವರ್ಷ. ಬೆಳಿಗ್ಗೆ 7ಕ್ಕೆ ಕೆಲಸ ಶುರು, ಅದಕ್ಕೆ 4:45ಕ್ಕೆ ಅಲಾರಂ. ಮಾಮೂಲಿ ದಿನ ರಾತ್ರಿ 10ಕ್ಕೆಲ್ಲ ಮಲಗಿಬಿಡುತ್ತೇನೆ. ನಾವು ನಾಲ್ಕು ಜನ ಗೆಳತಿಯರು, ಕಾಲೇಜಿನಿಂದಲೂ ಜೊತೆ. ಎಲ್ಲರೂ ಬಿಜಿ. ವರ್ಷದಲ್ಲಿ ನಿಜವಾಗಿ ಸೇರುವುದು ಈ ಶರತ್ಕಾಲದ ಹಬ್ಬಗಳ ಹೊತ್ತಿಗೆ ಮಾತ್ರ. ಹಬ್ಬದ ಸಾಲು ಶುರುವಾದರೆ ಕೆಲಸದ ದಿನಗಳಲ್ಲೇ ಎರಡು ರಾತ್ರಿ ಮನೆ ಸೇರುವಾಗ 1 ಗಂಟೆ ಆಗಿರುತ್ತದೆ. ಶುಕ್ರವಾರ, ಶನಿವಾರ 2ಕ್ಕೆ ಮಲಗಿ ಬೆಳಿಗ್ಗೆ 10ರ ತನಕ ನಿದ್ದೆ ಮಾಡಿ ಸಾಲ ತೀರಿಸುತ್ತೇನೆ. ಆದರೂ ಸೋಮವಾರ ತಲೆಯೇ ಓಡುವುದಿಲ್ಲ. ಮೊನ್ನೆ ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದವಳಿಗೆ ಹಸಿರು ಬಿದ್ದದ್ದೇ ಗೊತ್ತಾಗಲಿಲ್ಲ, ಹಿಂದಿನವರು ಹಾರ್ನ್ ಹೊಡೆದಾಗ ಎಚ್ಚರವಾಯಿತು. ಇನ್ನೊಂದು ದಿನ ಬೆಳಿಗ್ಗೆ 4:50ಕ್ಕೆ ನಮ್ಮ ಗ್ರೂಪಿನಲ್ಲಿ 'ಬರ್ತೀನಿ, ನಂದೂ ಒಂದು ಸೀಟ್' ಅಂತ ಬರೆದಿದ್ದೇನೆ, ಬರೆದದ್ದೇ ನೆನಪಿಲ್ಲ! ಒಬ್ಬ ಗೆಳತಿ 5ಕ್ಕೆ ಜಿಮ್‌ನಲ್ಲಿರುತ್ತಾಳೆ, 'ದೇಹಕ್ಕೆ ಅಭ್ಯಾಸ ಮಾಡಿಸಬೇಕು ಅಷ್ಟೇ' ಅನ್ನುತ್ತಾಳೆ. ಇನ್ನೊಬ್ಬಳು ಮೆಲಟೋನಿನ್ ಮಾತ್ರೆ ತಗೋ ಅನ್ನುತ್ತಾಳೆ. ನನಗೆ ವಯಸ್ಸಾಯಿತಾ ಅಥವಾ ನಾನು ಸೋಮಾರಿಯಾ? ಗೆಳತಿಯರನ್ನು ಬಿಡುವುದಕ್ಕಂತೂ ಆಗುವುದಿಲ್ಲ."

ಉತ್ತರ:

ಗೆಳತಿಯರನ್ನು ಬಿಡಿ ಅಂತ ನಾನೂ ಹೇಳುವುದಿಲ್ಲ. ವಯಸ್ಸಿನ ಮಾತು, ಸೋಮಾರಿತನದ ಮಾತು ಎರಡನ್ನೂ ಪಕ್ಕಕ್ಕಿಡಿ. ನಿಮಗೆ ಎರಡು ತೊಂದರೆ ಒಟ್ಟಿಗೆ ಇವೆ. ಒಂದು, ನಿದ್ದೆ ಸಾಲುತ್ತಿಲ್ಲ. ಇದು ನಿಮಗೆ ಗೊತ್ತಿದೆ. ಇನ್ನೊಂದು ನಿಮಗೆ ಗೊತ್ತಿಲ್ಲದ್ದು, ಸೋಮವಾರವನ್ನು ಜಾಸ್ತಿ ಹಾಳು ಮಾಡುತ್ತಿರುವುದೂ ಅದೇ: ನೀವು ಸಾಲ ತೀರಿಸುತ್ತಿದ್ದೇನೆ ಅಂದುಕೊಂಡು ಮಾಡುವ ಆ 10 ಗಂಟೆಯ ತನಕದ ನಿದ್ದೆ.

ಮೊದಲು ಒಂದು ಕೆಲಸ ಮಾಡಿ. ನನ್ನ ಹತ್ತಿರ ಬರುವವರಿಗೆ ಎರಡು ವಾರ ನಿದ್ದೆಯ ಡೈರಿ ಬರೆಯಿರಿ ಅಂದರೆ ಹತ್ತರಲ್ಲಿ ಎಂಟು ಜನ ಬರೆಯುವುದಿಲ್ಲ, ಉಳಿದ ಇಬ್ಬರು ಬರುವ ದಿನ ಹೊರಗೆ ಬೆಂಚಿನ ಮೇಲೆ ಕೂತು ಒಂದೇ ಪೆನ್ನಿನಲ್ಲಿ ಪೂರ್ತಿ ತುಂಬಿಸುತ್ತಾರೆ. ಹಾಗಾಗಿ ನಾನು ಫೋನ್ ತೆಗೆಯಿರಿ ಅನ್ನುತ್ತೇನೆ. ನಿಮ್ಮ ಗ್ರೂಪ್ ತೆರೆದು, ಹಿಂದಿನ ಎರಡು ವಾರ ರಾತ್ರಿ ನೀವು ಕಳಿಸಿದ ಕೊನೆಯ ಮೆಸೇಜ್ ಎಷ್ಟು ಗಂಟೆಗೆ, ಬೆಳಿಗ್ಗೆ ಮೊದಲನೆಯದು ಎಷ್ಟಕ್ಕೆ, ಎರಡನ್ನೂ ಒಂದು ಹಾಳೆಯ ಮೇಲೆ ಬರೆಯಿರಿ. ಸುಳ್ಳು ಹೇಳದ ಡೈರಿ ಅದು. "10ಕ್ಕೆಲ್ಲ ಮಲಗುತ್ತೇನೆ" ಅನ್ನುವವರ ಕೊನೆಯ ಮೆಸೇಜ್ 10:50ಕ್ಕೆ ಇರುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಿಮ್ಮದು ಹಾಗಿರಲಿಕ್ಕಿಲ್ಲ, ಆದರೂ ನೋಡಿಬಿಡಿ.

ಈಗ ನೀವೇ ಕೊಟ್ಟ ಸಮಯ ಇಟ್ಟುಕೊಂಡು ಲೆಕ್ಕ ಹಾಕೋಣ. 10ಕ್ಕೆ ಮಲಗಿ 4:45ಕ್ಕೆ ಎದ್ದರೆ 6 ಮುಕ್ಕಾಲು ಗಂಟೆ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ಬೇಕು ಅಂತ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2015ರಲ್ಲಿ ಹೇಳಿತ್ತು. ಅಂದರೆ ಹಬ್ಬ ಶುರುವಾಗುವ ಮೊದಲೇ ನೀವು ದಿನಾ ಚೂರು ಚೂರು ಕಡಿಮೆ ನಿದ್ದೆಯಲ್ಲಿದ್ದೀರಿ. ಅದರ ಮೇಲೆ ವಾರಕ್ಕೆ ಎರಡು ರಾತ್ರಿ 4 ಗಂಟೆಗೂ ಕಡಿಮೆ.

ಇನ್ನು ರಜೆಯ ದಿನ. ಕೆಲಸದ ದಿನ ನಿಮ್ಮ ನಿದ್ದೆಯ ನಡುಬಿಂದು ರಾತ್ರಿ 1:20ರ ಸುಮಾರಿಗೆ ಬೀಳುತ್ತದೆ. 2ರಿಂದ 10ರ ತನಕ ಮಲಗಿದ ದಿನ ಅದು ಬೆಳಿಗ್ಗೆ 6ಕ್ಕೆ. ನಡುವೆ ನಾಲ್ಕೂವರೆ ಗಂಟೆಗೂ ಮೀರಿದ ವ್ಯತ್ಯಾಸ. ವಿಮಾನ ಹತ್ತದೆ, ಪಾಸ್‌ಪೋರ್ಟ್ ಇಲ್ಲದೆ ಪ್ರತಿ ಶುಕ್ರವಾರ ನಾಲ್ಕೂವರೆ ಗಂಟೆ ಪಶ್ಚಿಮಕ್ಕೆ ಹೋಗಿ, ಸೋಮವಾರ ಬೆಳಿಗ್ಗೆ ವಾಪಸ್ ಬಂದು ಇಳಿದ ಹಾಗೆ. ಇದಕ್ಕೆ ನಮ್ಮ ಕ್ಷೇತ್ರದಲ್ಲಿ 'ಸೋಶಿಯಲ್ ಜೆಟ್‌ಲ್ಯಾಗ್' ಅನ್ನುತ್ತೇವೆ. ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಜೊತೆಗಾರರು 2006ರಲ್ಲಿ ಈ ಹೆಸರು ತಂದರು. ಸೋಮವಾರ ನಿಮ್ಮ ಅಲಾರಂ 4:45ಕ್ಕೇ ಹೊಡೆಯುತ್ತದೆ, ದೇಹಕ್ಕೆ ಮಾತ್ರ ಅದು ನಡುರಾತ್ರಿ.

ಒಳಗೆ ನಡೆಯುವುದೇನು ಅಂತ ಸ್ವಲ್ಪ ಹೇಳುತ್ತೇನೆ, ಆಮೇಲೆ ಮಾಡಬೇಕಾದ್ದು ತಾನಾಗಿ ಅರ್ಥವಾಗುತ್ತದೆ. ನಿದ್ದೆಯನ್ನು ಎರಡು ಶಕ್ತಿಗಳು ಎಳೆದಾಡುತ್ತವೆ. ಈ ಚೌಕಟ್ಟನ್ನು ಕೊಟ್ಟವರು ಅಲೆಕ್ಸಾಂಡರ್ ಬೊರ್ಬೆಲಿ, 1982ರಲ್ಲಿ. ಮೊದಲನೆಯದು ಎಚ್ಚರವಿದ್ದಷ್ಟು ಹೊತ್ತೂ ಏರುತ್ತಾ ಹೋಗುವ ನಿದ್ದೆಯ ಒತ್ತಡ. ಮಿದುಳಿನಲ್ಲಿ ಅಡೆನೊಸಿನ್ ಅನ್ನುವ ವಸ್ತು ಸೇರುತ್ತಾ ಹೋಗುವುದು ಇದಕ್ಕೆ ಒಂದು ಮುಖ್ಯ ಕಾರಣ, ಮಲಗಿದಾಗ ಅದು ಇಳಿಯುತ್ತದೆ. ಎರಡನೆಯದು ಮಿದುಳಿನೊಳಗಿನ ಗಡಿಯಾರ. ಕಣ್ಣಿನ ನರಗಳು ಅಡ್ಡ ಹಾಯುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪು ಅದು. ಅದರ ದಿನ 24 ಗಂಟೆಗಿಂತ ಒಂದಿಷ್ಟು ಉದ್ದ, ಹಾಗಾಗಿ ತನ್ನಷ್ಟಕ್ಕೆ ಬಿಟ್ಟರೆ ಹಿಂದೆ ಬೀಳುವುದೇ ಅದರ ಸ್ವಭಾವ. ಅದನ್ನು ದಿನಾ ಸರಿ ಮಾಡುವುದು ಬೆಳಕು.

ಬೆಳಕು ಬೀಳುವ ಹೊತ್ತು ಇಲ್ಲಿ ಮುಖ್ಯ. ಮಾಮೂಲಿ ಏಳುವ ಸಮಯಕ್ಕೆ ಎರಡು ಮೂರು ಗಂಟೆ ಮೊದಲು ದೇಹದ ಉಷ್ಣತೆ ತೀರಾ ಕೆಳಗಿರುತ್ತದೆ. ಅದಕ್ಕಿಂತ ಮುಂಚೆ ಜೋರು ಬೆಳಕು ಬಿದ್ದರೆ ಗಡಿಯಾರ ತಡವಾಗುತ್ತದೆ, ಆಮೇಲೆ ಬಿದ್ದರೆ ಬೇಗ ಆಗುತ್ತದೆ. ಹಬ್ಬದ ದೀಪಗಳ ಕೆಳಗೆ ರಾತ್ರಿ 12ರ ತನಕ ನಿಂತವರಿಗೆ ಮೊದಲನೆಯದು ಸಿಕ್ಕಿತು. ಮರುದಿನ ಪರದೆ ಎಳೆದು 10ರ ತನಕ ಮಲಗಿದವರಿಗೆ ಎರಡನೆಯದು ತಪ್ಪಿಹೋಯಿತು. ಎರಡೂ ಒಂದೇ ದಿಕ್ಕಿಗೆ ತಳ್ಳುತ್ತವೆ.

ಇದರ ಜೊತೆಗೆ ಶರತ್ಕಾಲದ್ದೇ ಒಂದು ಚೇಷ್ಟೆ ಇದೆ, ಇದನ್ನು ಯಾರೂ ಗಮನಿಸುವುದಿಲ್ಲ. ಭೂಮಿಯ ಉತ್ತರ ಭಾಗದಲ್ಲಿ ಸೆಪ್ಟೆಂಬರ್ 22-23ರ ಹೊತ್ತಿಗೆ ಹಗಲು ರಾತ್ರಿ ಸಮ ಆಗುತ್ತವೆ, ಹಗಲು ಅತ್ಯಂತ ವೇಗವಾಗಿ ಕುಗ್ಗುವುದೂ ಆ ಆಸುಪಾಸಿನಲ್ಲೇ. ಬೇಸಿಗೆಯಲ್ಲಿ ನೀವು ಮನೆಯಿಂದ ಹೊರಡುವಾಗ ಆಕಾಶ ಬೆಳ್ಳಗಾಗುತ್ತಿತ್ತು, ಈಗ ಅದೇ ಹೊತ್ತಿಗೆ ಕತ್ತಲು. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ಈ ವ್ಯತ್ಯಾಸ ಜಾಸ್ತಿ. ಬೆಳಗಿನ ಬೆಳಕು ಕಡಿಮೆಯಾಗುವ ಕಾಲಕ್ಕೆ ಸರಿಯಾಗಿ ರಾತ್ರಿಯ ಬೆಳಕು ಜಾಸ್ತಿ ಮಾಡುವ ಹಬ್ಬಗಳು ಬರುತ್ತವೆ. ಹಾಗಾಗಿ "ಹೋದ ತಿಂಗಳ ತನಕ ಸರಿಯಾಗೇ ಇದ್ದೆನಲ್ಲ" ಅಂತ ಈ ದಿನಗಳಲ್ಲಿ ನನ್ನ ಹತ್ತಿರ ಬರುವವರು ನೀವೊಬ್ಬರೇ ಅಲ್ಲ.

ನಿಮ್ಮ ಗೆಳತಿಯರ ಮಾತಿಗೆ ಬರೋಣ.

ದೇಹಕ್ಕೆ ಅಭ್ಯಾಸ ಮಾಡಿಸಬಹುದು ಅನ್ನುವುದು ನಾನು ಅತಿ ಹೆಚ್ಚು ಕೇಳುವ ಮಾತು, ಅತಿ ಅಪಾಯದ್ದೂ ಇದೇ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಆರೋಗ್ಯವಂತರನ್ನು 14 ದಿನ ದಿನಕ್ಕೆ 4, 6 ಅಥವಾ 8 ಗಂಟೆ ಮಾತ್ರ ಹಾಸಿಗೆಯಲ್ಲಿರಲು ಬಿಟ್ಟು ನೋಡಿದರು. 6 ಗಂಟೆ ಮತ್ತು ಅದಕ್ಕಿಂತ ಕಡಿಮೆಯವರ ಗಮನ, ಚುರುಕುತನ ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಗಿ, ಕೊನೆಗೆ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂತು. ಅವರನ್ನೇ ಕೇಳಿದರೆ ಮೊದಲ ಕೆಲವು ದಿನ ನಿದ್ದೆ ಬರುತ್ತಿದೆ ಅಂದವರು ಆಮೇಲೆ ಅಷ್ಟೇನೂ ಇಲ್ಲ ಅಂದರು. ಅಂದರೆ ಅಭ್ಯಾಸವಾಗುವುದು ಸುಸ್ತಿನ ಅನಿಸಿಕೆಗೆ. ಕೈ ತಪ್ಪುವುದು, ಹಸಿರು ಸಿಗ್ನಲ್ ಕಾಣದೆ ಹೋಗುವುದು ಇವಕ್ಕೆ ಅಭ್ಯಾಸ ಅನ್ನುವುದೇ ಇಲ್ಲ. ನನ್ನದೇ ಒಂದು ಉದಾಹರಣೆ ಇದೆ: ಕಲಿಯುತ್ತಿದ್ದ ಕಾಲದಲ್ಲಿ ಸತತ ರಾತ್ರಿ ಡ್ಯೂಟಿ ಮಾಡಿ "ನನಗೆ ರೂಢಿಯಾಗಿದೆ" ಅಂತ ಬೀಗುತ್ತಿದ್ದೆ. ಒಂದು ಬೆಳಿಗ್ಗೆ ನಾನು ಬರೆದ ಕೇಸ್ ಶೀಟ್ ನೋಡಿದರೆ ಮೂರನೆಯ ಸಾಲಿನ ಅರ್ಧಕ್ಕೆ ಅಕ್ಷರ ನಿಂತು, ಅಲ್ಲಿಂದ ಪೆನ್ನಿನ ಗೆರೆ ಹಾಳೆಯ ಕೆಳಗಿನ ಅಂಚಿನ ತನಕ ಜಾರಿ ಹೋಗಿತ್ತು. ಹಿರಿಯ ನರ್ಸ್ ಏನೂ ಹೇಳದೆ ಹೊಸ ಹಾಳೆ ಕೊಟ್ಟರು.

ಕಡಿಮೆ ನಿದ್ದೆಯಲ್ಲೇ ನಿಜವಾಗಿ ಚೆನ್ನಾಗಿರುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. 2009ರಲ್ಲಿ ಅಂಥ ಒಂದು ಮನೆತನದಲ್ಲಿ ಜೀನ್ ಬದಲಾವಣೆಯೊಂದನ್ನೂ ಗುರುತಿಸಿದರು. ತೀರಾ ಅಪರೂಪ. ನಿಮ್ಮ ಗೆಳತಿ 5ಕ್ಕೆ ಜಿಮ್‌ನಲ್ಲಿರುವುದು ಅದಕ್ಕಲ್ಲ, ಬಹುಶಃ ಆಕೆ ಹುಟ್ಟಾ ಬೆಳಗಿನ ಹಕ್ಕಿ, 9 ಆಗುವುದರೊಳಗೆ ಮಲಗುತ್ತಾಳೆ. ಅವಳ ಕೊನೆಯ ಮೆಸೇಜ್ ಎಷ್ಟಕ್ಕೆ ಇರುತ್ತದೆ, ಸುಮ್ನೆ ನೋಡಿ.

ಹೇಳಬೇಕೋ ಬೇಡವೋ ಅಂತ ಯೋಚಿಸಿದೆ, ಹೇಳಿಯೇ ಬಿಡುತ್ತೇನೆ. ಗೆಳೆಯರ ಗುಂಪುಗಳಲ್ಲಿ ಯಾರು ಎಷ್ಟು ಬಿಜಿ, ಯಾರು ಎಷ್ಟು ಬೇಗ ಎದ್ದರು, ಯಾರು ಎಷ್ಟು ಕಡಿಮೆ ಮಲಗಿದರು ಅನ್ನುವುದು ಗೊತ್ತಿಲ್ಲದೇ ಒಂದು ಪಂದ್ಯವಾಗಿಬಿಟ್ಟಿರುತ್ತದೆ. "ನಾನು ನಾಲ್ಕೇ ಗಂಟೆ ಮಲಗಿದ್ದು" ಅಂದರೆ ಶಭಾಶ್ ಸಿಗುತ್ತದೆ, "ನನಗೆ ಎಂಟು ಗಂಟೆ ಬೇಕು" ಅಂದರೆ ನಗುತ್ತಾರೆ. ಆ ಪಂದ್ಯದಿಂದ ಒಬ್ಬರು ಹೊರಗೆ ಬಂದರೆ ಇನ್ನೊಬ್ಬರೂ ಮೆಲ್ಲಗೆ ಬರುತ್ತಾರೆ, ಇದನ್ನು ಬೇಕಾದಷ್ಟು ನೋಡಿದ್ದೇನೆ.

ವಾರಾಂತ್ಯದಲ್ಲಿ ಸಾಲ ತೀರಿಸುವುದು ಅರ್ಧ ನಿಜ. ಜಾಸ್ತಿ ಮಲಗಿದರೆ ನಿದ್ದೆಯ ಒತ್ತಡ ಇಳಿಯುತ್ತದೆ, ಆ ದಿನ ಹಾಯೆನಿಸುತ್ತದೆ. ಆದರೆ ಕೊಲೊರಾಡೊ ವಿಶ್ವವಿದ್ಯಾಲಯದ 2019ರ ಅಧ್ಯಯನದಲ್ಲಿ, ವಾರವಿಡೀ ಕಡಿಮೆ ಮಲಗಿ ವಾರಾಂತ್ಯದಲ್ಲಿ ಬೇಕಾದಷ್ಟು ಮಲಗಿದವರು ಮತ್ತೆ ಕಡಿಮೆ ನಿದ್ದೆಗೆ ಮರಳಿದಾಗ ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿ ಕುಗ್ಗಿಯೇ ಇತ್ತು, ಅವರ ಗಡಿಯಾರವೂ ತಡವಾಗಿತ್ತು. ಹಾಗಂತ ರಜೆಯ ದಿನ ಜಾಸ್ತಿ ಮಲಗಲೇಬೇಡಿ ಅಂತಲ್ಲ. ಜಾಸ್ತಿ ಮಲಗುವುದನ್ನು ಬೆಳಗಿನ ಕಡೆಗೆ ಎಳೆಯಬೇಡಿ, ಅಷ್ಟೇ.

ಆ ಮೆಸೇಜ್ ಬರೆದು ಮರೆತದ್ದಕ್ಕೆ ಹೆದರಬೇಡಿ. ಗಾಢ ನಿದ್ದೆಯಿಂದ ಅಲಾರಂ ಎಬ್ಬಿಸಿದಾಗ ಮಿದುಳು ಪೂರ್ತಿ ಎಚ್ಚರವಾಗುವುದಕ್ಕೆ ಸಾಮಾನ್ಯವಾಗಿ 15ರಿಂದ 30 ನಿಮಿಷ ಬೇಕು, ನಿದ್ದೆಗೆಟ್ಟಿದ್ದರೆ ಒಂದು ಗಂಟೆಯೂ ಆಗಬಹುದು. ಆ ಮಂಪರಿನಲ್ಲಿ ಬೆರಳು ಓಡುತ್ತದೆ, ನೆನಪು ದಾಖಲಾಗುವುದಿಲ್ಲ. 4:50ಕ್ಕೆ ಹಣ ಕಳಿಸುವುದು, ಮೇಲಧಿಕಾರಿಗೆ ಉತ್ತರ ಕೊಡುವುದು, ಹಬ್ಬಕ್ಕೆ ಸೀಟು ಹಿಡಿಸುವುದು ಯಾವುದನ್ನೂ ಮಾಡಬೇಡಿ.

ಸಿಗ್ನಲ್ ವಿಷಯಕ್ಕೆ ಮಾತ್ರ ಹೆದರಿ. ಅದು ಕೆಲವೇ ಸೆಕೆಂಡಿನ ಜೊಂಪು, ನಿಮ್ಮ ಕಾರು ನಿಂತಿತ್ತು ಅನ್ನುವುದೊಂದೇ ಅದೃಷ್ಟ. 60 ಕಿಲೋಮೀಟರ್ ವೇಗದಲ್ಲಿ 4 ಸೆಕೆಂಡಿಗೆ ಕಾರು 65 ಮೀಟರಿಗೂ ಜಾಸ್ತಿ ಮುಂದೆ ಹೋಗಿರುತ್ತದೆ. 17ರಿಂದ 19 ಗಂಟೆ ಸತತ ಎಚ್ಚರವಿದ್ದವರ ಚುರುಕುತನ ರಕ್ತದಲ್ಲಿ 0.05 ಶೇಕಡ ಮದ್ಯ ಇರುವವರಷ್ಟೇ ಅಥವಾ ಅದಕ್ಕಿಂತ ಕೆಟ್ಟದಾಗಿ ಇತ್ತು ಅಂತ 2000ದಲ್ಲಿ ಬಂದ ಒಂದು ಅಧ್ಯಯನ ತೋರಿಸಿತು. ಹಲವು ದೇಶಗಳಲ್ಲಿ ಗಾಡಿ ಓಡಿಸಲು ಕಾನೂನಿನ ಮಿತಿಯೇ ಅದು. 4:45ಕ್ಕೆ ಎದ್ದ ನಿಮಗೆ ರಾತ್ರಿ 9:45ಕ್ಕೇ 17 ಗಂಟೆ ತುಂಬುತ್ತದೆ. 12:30ಕ್ಕೆ ನೀವು ಕಾರು ಓಡಿಸಿಕೊಂಡು ಬರುವುದು ಒಂದು ತೊಟ್ಟೂ ಕುಡಿಯದೆ ಕುಡಿದು ಓಡಿಸಿದ ಹಾಗೆ. ಕಿಟಕಿ ಇಳಿಸುವುದು, ಹಾಡು ಜೋರು ಮಾಡುವುದು ಇವೆಲ್ಲ ಕೆಲಸ ಮಾಡುವುದಿಲ್ಲ. ಹಬ್ಬದ ರಾತ್ರಿ ಬೇರೆಯವರು ಓಡಿಸಲಿ, ಅಥವಾ ಬಾಡಿಗೆ ಗಾಡಿ ಹಿಡಿಯಿರಿ. ಈ ಉತ್ತರದಲ್ಲಿ ನಾನು ಹಠ ಹಿಡಿಯುವುದು ಇದೊಂದಕ್ಕೇ.

ಇನ್ನು ನಿಮ್ಮ ಮುಂದಿರುವ ದಾರಿಗಳು.

ಎಲ್ಲಕ್ಕಿಂತ ಫಲ ಕೊಡುವುದು, ಯಾರಿಗೂ ಇಷ್ಟವಾಗದ್ದು: ಕೆಲಸದ ದಿನಗಳ ಎರಡು ರಾತ್ರಿಗಳಲ್ಲಿ ಒಂದನ್ನು ಬಿಡಿ, ಇನ್ನೊಂದಕ್ಕೆ ಬೇಗ ಹೋಗಿ ಬೇಗ ಹೊರಡಿ. ಹೊರಡುವ ಸಮಯವನ್ನು ಹೋಗುವ ಮೊದಲೇ ಗ್ರೂಪಿನಲ್ಲಿ ಹೇಳಿಬಿಡಿ. "ನಾನು 6ಕ್ಕೆ ಬರ್ತೀನಿ, 9ಕ್ಕೆ ಹೊರಡ್ತೀನಿ" ಅಂತ ಬೆಳಿಗ್ಗೆಯೇ ಬರೆದರೆ ಯಾರೂ ಏನೂ ಅನ್ನುವುದಿಲ್ಲ, ನಡುವೆ ಎದ್ದು ಹೊರಟರೆ ಮಾತ್ರ "ಅಯ್ಯೋ ಕೂತ್ಕೊಳ್ಳೇ" ಶುರುವಾಗುತ್ತದೆ. ಇದರಲ್ಲಿ ನಷ್ಟವಿಲ್ಲದಿಲ್ಲ. ರಾತ್ರಿ 11ರ ಮೇಲಿನ ಹರಟೆಯ ರುಚಿಯೇ ಬೇರೆ, ಅದು ತಪ್ಪುತ್ತದೆ.

ತಡರಾತ್ರಿ ಬೇಕೇ ಬೇಕು ಅಂದರೆ ಮರುದಿನ ರಜೆ ಇರುವ ಒಂದು ರಾತ್ರಿಗೆ ಇಟ್ಟುಕೊಳ್ಳಿ, ಶುಕ್ರವಾರ ಒಳ್ಳೆಯದು, ಸರಿಮಾಡಿಕೊಳ್ಳಲು ಎರಡು ದಿನ ಸಿಗುತ್ತದೆ. ಆದರೆ ಶನಿವಾರ ಬೆಳಿಗ್ಗೆ 10ಕ್ಕಲ್ಲ, 7ರೊಳಗೆ ಎದ್ದು ಹೊರಗೆ ಬೆಳಕಿಗೆ ಹೋಗಿ. ಮೋಡವಿದ್ದರೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬಾಕಿ ನಿದ್ದೆಯನ್ನು ಮಧ್ಯಾಹ್ನ 1ರಿಂದ 2:30ರ ತನಕ ಮಲಗಿ ತೆಗೆದುಕೊಳ್ಳಿ. ಭಾನುವಾರ 6ಕ್ಕೆ ಏಳಿ. ಇದನ್ನು ಕೇಳಿದ ತಕ್ಷಣ ಎಲ್ಲರೂ ಮುಖ ಸಿಂಡರಿಸುತ್ತಾರೆ, ನನಗೆ ಗೊತ್ತು. ಎರಡು ವಾರ ಮಾಡಿ ನೋಡಿದವರು ಸೋಮವಾರದ ಬಗ್ಗೆ ದೂರುವುದನ್ನು ಬಿಡುತ್ತಾರೆ. ತೊಡಕು ಒಂದೇ, ಮಧ್ಯಾಹ್ನದ ನಿದ್ದೆ 3 ಗಂಟೆ ದಾಟಿದರೆ ರಾತ್ರಿ ಕಣ್ಣು ಮುಚ್ಚುವುದಿಲ್ಲ. ಭಾನುವಾರವಂತೂ 20 ನಿಮಿಷಕ್ಕೆ ನಿಲ್ಲಿಸಿ.

ಇನ್ನೊಂದು, ಹಬ್ಬ ಶುರುವಾಗುವ ಒಂದು ವಾರ ಮೊದಲೇ ನಿದ್ದೆ ಕೂಡಿಡುವುದು. ಅಮೆರಿಕದ ವಾಲ್ಟರ್ ರೀಡ್ ಸೇನಾ ಸಂಶೋಧನಾ ಸಂಸ್ಥೆಯವರು 2009ರಲ್ಲಿ ತೋರಿಸಿದ್ದು ಇದು: ಒಂದು ವಾರ ದಿನಕ್ಕೆ 10 ಗಂಟೆ ಹಾಸಿಗೆಯಲ್ಲಿದ್ದವರು ಮುಂದಿನ ವಾರದ ತೀರಾ ಕಡಿಮೆ ನಿದ್ದೆಯನ್ನು ಉಳಿದವರಿಗಿಂತ ಚೆನ್ನಾಗಿ ತಡೆದುಕೊಂಡರು. ನಿಮಗೆ 10 ಗಂಟೆ ಆಗದ ಮಾತು. 9:15ಕ್ಕೆ ಮಲಗಿದರೂ ದಿನಕ್ಕೆ ಮುಕ್ಕಾಲು ಗಂಟೆ ಸಿಗುತ್ತದೆ. 8ಕ್ಕೇ ಮಲಗಲು ಹೋಗಬೇಡಿ, ಮಾಮೂಲಿ ಮಲಗುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು ಗಡಿಯಾರ ನಮ್ಮನ್ನು ಎಚ್ಚರವಾಗಿಡಲು ಜೋರಾಗಿ ದುಡಿಯುತ್ತಿರುತ್ತದೆ, ಸುಮ್ನೆ ಹೊರಳಾಡುವುದೇ ಆಗುತ್ತದೆ.

ಕಾಫಿ, ಟೀ ಬಗ್ಗೆ: ಕುಡಿದ ಕೆಫೀನ್‌ನ ಅರ್ಧ ಹೋಗಲು ಸುಮಾರು 5 ಗಂಟೆ ಬೇಕು. 2013ರ ಒಂದು ಪ್ರಯೋಗದಲ್ಲಿ ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಮೀರಿ ಕಡಿಮೆಯಾಗಿತ್ತು. ಅದು ದೊಡ್ಡ ಪ್ರಮಾಣ, ಒಂದು ಲೋಟದ ಮಾತಲ್ಲ, ಆದರೂ 10ಕ್ಕೆ ಮಲಗುವ ನೀವು ಮಧ್ಯಾಹ್ನದ ಮೇಲೆ ಕುಡಿಯದಿದ್ದರೆ ಒಳ್ಳೆಯದು.

ಮೆಲಟೋನಿನ್ ಅಂದರೆ ನಿದ್ದೆ ಬರಿಸುವ ಮಾತ್ರೆ ಅಂತ ನಿಮ್ಮ ಗೆಳತಿ ತಿಳಿದಿರಬಹುದು. ಅದು ಮುಖ್ಯವಾಗಿ "ಕತ್ತಲಾಯಿತು" ಅಂತ ದೇಹಕ್ಕೆ ಹೇಳುವ ಸಂಕೇತ. ಸರಿಯಾದ ಹೊತ್ತಿಗೆ ಸಣ್ಣ ಪ್ರಮಾಣದಲ್ಲಿ ತಗೊಂಡರೆ ಗಡಿಯಾರವನ್ನು ಸರಿಸಲು ಸಹಾಯ ಮಾಡುತ್ತದೆ, ತಪ್ಪು ಹೊತ್ತಿಗೆ ತಗೊಂಡರೆ ಉಲ್ಟಾ ಸರಿಸುತ್ತದೆ. ರಾತ್ರಿ 1ಕ್ಕೆ ಮನೆಗೆ ಬಂದು ನುಂಗಿ 4:45ಕ್ಕೆ ಎದ್ದರೆ ಬೆಳಿಗ್ಗೆ ಸ್ಟೀರಿಂಗ್ ಹಿಡಿಯುವಾಗ ಇನ್ನೂ ಅದರ ಮಂಪರು ಇರಬಹುದು. ಕಡಿಮೆ ಇರುವುದು ನಿಮ್ಮ ಸಮಯ, ಅದನ್ನು ಯಾವ ಮಾತ್ರೆಯೂ ಕೊಡುವುದಿಲ್ಲ ಅಲ್ವಾ? ಗರ್ಭಿಣಿಯಾಗಿದ್ದರೆ, ರಕ್ತ ತೆಳುವಾಗುವ ಔಷಧಿ ಅಥವಾ ಫಿಟ್ಸ್‌ಗೆ ಔಷಧಿ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಅಲರ್ಜಿ ಮಾತ್ರೆಯನ್ನು ನಿದ್ದೆಗಾಗಿ ನುಂಗುವವರೂ ಇದ್ದಾರೆ, ಅದರ ಮಬ್ಬು ಮರುದಿನಕ್ಕೂ ಎಳೆಯುತ್ತದೆ. ಮದ್ಯ ಬೇಗ ಮಲಗಿಸುತ್ತದೆ ನಿಜ, ರಾತ್ರಿಯ ಎರಡನೇ ಅರ್ಧದಲ್ಲಿ ನಿದ್ದೆಯನ್ನು ಹರಿದು ಚಿಂದಿ ಮಾಡುತ್ತದೆ. ನಿದ್ದೆ ಮಾತ್ರೆಯ ಜೊತೆಗೆ ಅದು ಸೇರಿದರೆ ಜೀವಕ್ಕೇ ಅಪಾಯ.

ಹಬ್ಬದ ಮರುದಿನಕ್ಕೆ ರಜೆ ಹಾಕಲು ಅಥವಾ ಎರಡು ಗಂಟೆ ತಡವಾಗಿ ಬರಲು ಕೇಳಿ ನೋಡಿದ್ದೀರಾ? ಪತ್ರದಲ್ಲಿ ಅದರ ಮಾತೇ ಇಲ್ಲ. ಕೇಳಲು ಸಂಕೋಚ ಪಟ್ಟು ವರ್ಷಗಟ್ಟಲೆ ಒದ್ದಾಡಿ, ಕೇಳಿದ ದಿನವೇ "ಆಯ್ತು" ಅನ್ನಿಸಿಕೊಂಡವರು ನನಗೆ ಗೊತ್ತು.

ಹಬ್ಬಗಳೆಲ್ಲ ಮುಗಿದು ಎರಡು ಮೂರು ವಾರ ದಿನಾ ಏಳೂವರೆ ಗಂಟೆ ಮಲಗಿದ ಮೇಲೂ ಹಗಲಲ್ಲಿ ತೂಕಡಿಕೆ ನಿಲ್ಲದಿದ್ದರೆ ಆಗ ಲೆಕ್ಕ ಬೇರೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗಾಗಿ ಎಚ್ಚರವಾಗುವುದು, ಬೆಳಿಗ್ಗೆ ತಲೆನೋವು ಇವು ಇದ್ದರೆ ಕಾಯದೆ ಡಾಕ್ಟರನ್ನು ಕಾಣಿ. ಹೆಂಗಸರಲ್ಲಿ ಉಸಿರುಕಟ್ಟುವ ತೊಂದರೆ ಬರೀ ಸುಸ್ತಾಗಿ ಕಾಣಿಸಿಕೊಂಡು ಎಷ್ಟೋ ಸಲ ತಪ್ಪಿಹೋಗುತ್ತದೆ. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಬರುವಾಗ ಗ್ರೂಪಿನ ಮೆಸೇಜ್ ಸಮಯ ಬರೆದ ಆ ಹಾಳೆ ತನ್ನಿ, ಹೊರಗೆ ಬೆಂಚಿನ ಮೇಲೆ ಕೂತು ಡೈರಿ ತುಂಬಿಸುವ ಕೆಲಸ ನಿಮಗೆ ಇರುವುದಿಲ್ಲ.